ರಾಮಕಿಂಕರ ಬೈಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಮಕಿಂಕರ ಬೈಜ್ ಹೆಸರು ಕನ್ನಡದಲ್ಲಿ ಅಪರೂಪಕ್ಕೆ ಕಾಣುತ್ತದೆ. ಕಂಡಾಗಲೂ ಬರುವುದು ಕುಡಿತದ ಕಥೆ, ಬಡತನದ ಕಥೆ, ಸೋರುವ ಸೂರಿನ ಕಥೆ. ಅವಕ್ಕೂ ಇಲ್ಲಿ ಜಾಗ ಇದೆ. ಆದರೆ ಅವರು ಬಯಲಲ್ಲಿ ನಿಲ್ಲಿಸಿ ಹೋದ ಶಿಲ್ಪಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾರು ಇವರು? ಚಿಕ್ಕದಾಗಿ ಹೇಳಿ.

ಬಂಗಾಳದ ಶಿಲ್ಪಿ, ಚಿತ್ರಕಾರ. ಹುಟ್ಟಿದ್ದು 1906ರಲ್ಲಿ, ಬಾಂಕುಡಾ ಊರಿನಲ್ಲಿ. ತೀರಿಕೊಂಡದ್ದು 1980ರ ಆಗಸ್ಟ್ 2ರಂದು, ಕಲ್ಕತ್ತಾದಲ್ಲಿ. ನಡುವಿನ ಬದುಕಿನ ಬಹುಪಾಲು ಕಳೆದದ್ದು ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ, ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಅಲ್ಲಿನ ಕಲಾಶಾಲೆಯಾದ ಕಲಾಭವನದ ಮೇಷ್ಟರಾಗಿ. ಭಾರತದಲ್ಲಿ ಆಧುನಿಕ ಶಿಲ್ಪ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಹೆಚ್ಚಿನ ಕಲಾ ಇತಿಹಾಸಕಾರರು ಮೊದಲು ಬೆರಳು ತೋರಿಸುವುದು ಇವರ ಕಡೆಗೇ.

ಮನೆತನದಲ್ಲಿ ಕಲಾವಿದರು ಇದ್ದರಾ?

ಇಲ್ಲ. ಅವರದು ಕ್ಷೌರಿಕ ಕುಟುಂಬ. ಹಣ ಇರಲಿಲ್ಲ, ಓದಿಸುವ ತಾಕತ್ತೂ ಅಷ್ಟಕ್ಕಷ್ಟೇ. ಆದರೆ ಊರು ಬಾಂಕುಡಾ. ಅದೇ ಜಿಲ್ಲೆಯಲ್ಲಿ ಬಿಷ್ಣುಪುರ ಇದೆ. ಮಲ್ಲ ರಾಜರು ಕಟ್ಟಿಸಿದ ಸುಟ್ಟಮಣ್ಣಿನ ದೇವಸ್ಥಾನಗಳ ಊರು ಅದು. ಗೋಡೆ ತುಂಬ ಕುದುರೆ, ದೋಣಿ, ಯುದ್ಧ, ಕೃಷ್ಣಲೀಲೆ. ಜೊತೆಗೆ ಮನೆಯ ಸುತ್ತಮುತ್ತ ಕುಂಬಾರರು, ದುರ್ಗಾಪೂಜೆಗೆ ಮೂರ್ತಿ ಮಾಡುವವರು. ಹುಡುಗ ಅವರ ಹತ್ತಿರ ಕೂತು ಮಣ್ಣು ಮೆತ್ತುವುದನ್ನು ನೋಡಿದ, ಕೈಯಾಡಿಸಿದ. ನಾಟಕದ ಪರದೆ ಬರೆದ, ಅಂಗಡಿ ಬೋರ್ಡು ಬರೆದ. ಅಸಹಕಾರ ಚಳವಳಿಯ ಹೊತ್ತಿಗೆ ರಾಷ್ಟ್ರನಾಯಕರ ಚಿತ್ರ ಬರೆದುಕೊಟ್ಟ.

ಶಾಲೆಯಲ್ಲಿ ಕಲೆ ಕಲಿಯದವರು ಎಂದು ಅವರನ್ನು ಹೇಳುವುದು ಅರ್ಧ ಸತ್ಯ. ಶಾಲೆಗೆ ಬರುವ ಮೊದಲೇ ಎರಡು ಮೂರು ಕಸುಬಿನ ಕೈ ಪಳಗಿತ್ತು ಎನ್ನುವುದು ಸರಿಯಾದ ಮಾತು.

ಶಾಂತಿನಿಕೇತನಕ್ಕೆ ಹೇಗೆ ಬಂದರು?

ರಾಮಾನಂದ ಚಟರ್ಜಿ ಎಂಬ ಪತ್ರಕರ್ತರ ಮೂಲಕ. 'ಪ್ರವಾಸಿ' ಮತ್ತು 'ಮಾಡರ್ನ್ ರಿವ್ಯೂ' ಪತ್ರಿಕೆಗಳ ಸಂಪಾದಕರು. ಅವರೂ ಬಾಂಕುಡಾದವರೇ. ಊರಿನ ಹುಡುಗನ ಚಿತ್ರಗಳನ್ನು ನೋಡಿ, 1925ರಲ್ಲಿ ಅವನನ್ನು ಶಾಂತಿನಿಕೇತನಕ್ಕೆ ಕರೆಸಿದರು. ಆಗ ಕಲಾಭವನದ ಮುಖ್ಯಸ್ಥರು ನಂದಲಾಲ ಬೋಸ್. ಹುಡುಗ ತಂದಿದ್ದ ಕೆಲಸ ನೋಡಿ ನಂದಲಾಲರು, ಇದೆಲ್ಲ ನಿನಗೆ ಬರುತ್ತದಲ್ಲ, ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿದರಂತೆ. ಆಮೇಲೆ, ಸರಿ, ಎರಡು ಮೂರು ವರ್ಷ ಇರು ಎಂದರಂತೆ. ಆ ಎರಡು ಮೂರು ವರ್ಷ ಇನ್ನೂ ಮುಗಿದಿಲ್ಲ ಎಂದು ರಾಮಕಿಂಕರರು ಮುದುಕರಾದ ಮೇಲೆ ಹೇಳಿ ನಗುತ್ತಿದ್ದರು.

ಶಿಲ್ಪ ಕಲಿಸಿದ್ದು ಯಾರು?

ಕಲಾಭವನದಲ್ಲಿ ಆಗ ಶಿಲ್ಪಕ್ಕೆ ಅಂಥ ವ್ಯವಸ್ಥೆ ಇರಲಿಲ್ಲ. ಇಪ್ಪತ್ತರ ದಶಕದ ಕೊನೆಗೆ ಇಬ್ಬರು ಯುರೋಪಿನ ಶಿಲ್ಪಿಗಳು ಬಂದು ಸ್ವಲ್ಪ ಕಾಲ ಪಾಠ ಮಾಡಿದರು. ಒಬ್ಬರು ಆಸ್ಟ್ರಿಯಾದ ಲೀಸಾ ಫಾನ್ ಪಾಟ್, ಇನ್ನೊಬ್ಬರು ಇಂಗ್ಲೆಂಡಿನ ಮಾರ್ಗರೆಟ್ ಮಿಲ್ವರ್ಡ್. ಮಿಲ್ವರ್ಡ್ ಅವರು ಪ್ಯಾರಿಸ್ಸಿನ ಶಿಲ್ಪಿ ಬೂರ್ದೆಲ್ ಅವರ ಶಿಷ್ಯೆ. ಒಳಗೆ ಕಬ್ಬಿಣದ ಗೂಡು ಕಟ್ಟುವುದು, ಅಚ್ಚು ತೆಗೆಯುವುದು, ಎರಕ ಹೊಯ್ಯುವುದು, ಇಂಥ ತಾಂತ್ರಿಕ ಸಂಗತಿಗಳು ಆಗ ಸಿಕ್ಕವು. ಉಳಿದದ್ದು ಪುಸ್ತಕದಲ್ಲಿ ಚಿತ್ರ ನೋಡಿ, ಕೈಯಿಂದ ಮಾಡಿ ನೋಡಿ ಬಂದದ್ದು. ಕೆಲವೇ ವರ್ಷಗಳಲ್ಲಿ ಅವರೇ ಅಲ್ಲಿ ಶಿಲ್ಪದ ಮೇಷ್ಟರಾದರು. 1971ರಲ್ಲಿ ನಿವೃತ್ತಿಯಾಗುವ ತನಕ ಅಲ್ಲೇ ಇದ್ದರು.

ಕಲ್ಲು, ಕಂಚು ಬಿಟ್ಟು ಸಿಮೆಂಟು ಯಾಕೆ?

ಮೊದಲ ಕಾರಣ ದುಡ್ಡು. ಕಂಚಿಗೆ ದುಡ್ಡಿಲ್ಲ, ಎರಕದ ಕುಲುಮೆ ಇಲ್ಲ. ಶಾಂತಿನಿಕೇತನ ಇರುವ ಬೀರಭೂಮ ಜಿಲ್ಲೆಯ ಆ ಭಾಗದಲ್ಲಿ ಶಿಲ್ಪಕ್ಕೆ ಒದಗುವ ಕಲ್ಲೂ ಇಲ್ಲ. ಇರುವುದು ಕೆಂಪು ಜಂಬಿಟ್ಟಿಗೆಯ ನೆಲ, ಅದು ಒಡೆದು ಉದುರಿದ ಗರಸು. ಸಿಮೆಂಟು ಆಗ ಕಟ್ಟಡ ಕಟ್ಟಲು ಬರುತ್ತಿತ್ತು. ಎರಡನ್ನೂ ಸೇರಿಸಿದರು.

ವಿಧಾನ ಹೀಗೆ. ಕಬ್ಬಿಣದ ಸರಳು ಬಗ್ಗಿಸಿ ಆಕೃತಿಯ ಎಲುಬುಗೂಡು ಕಟ್ಟುವುದು. ಸಿಮೆಂಟು, ಮರಳು, ಕೆಂಪು ಗರಸು ಕಲಸಿ ಅದರ ಮೇಲೆ ಕೈಯಿಂದಲೇ ಎಸೆಯುವುದು. ಮೆತ್ತುವುದಲ್ಲ, ಎಸೆಯುವುದು, ಹಾಗೆ ಎಸೆದರೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾಗುವ ಮುಂಚೆ ಕೆತ್ತಿ, ಕೆರೆದು ರೂಪ ಕೊಡುವುದು. ಮಣ್ಣಿನಲ್ಲಿ ಮಾಡಿ ಅಚ್ಚು ತೆಗೆದು ಮತ್ತೆ ಎರಕ ಹೊಯ್ಯುವ ಸುತ್ತುದಾರಿ ಇಲ್ಲ. ಬೆಳಗ್ಗೆ ಕೈಯಿಂದ ಎಸೆದದ್ದೇ ಕೊನೆಗೂ ಉಳಿಯುವ ಮೇಲ್ಮೈ.

ಹಾಗಾಗಿ ಈ ಶಿಲ್ಪಗಳು ನುಣುಪಾಗಿಲ್ಲ. ಬೇಲೂರು, ಹಳೇಬೀಡು ನೋಡಿ ಬೆಳೆದ ನಮ್ಮ ಕಣ್ಣಿಗೆ ಮೊದಲ ನೋಟಕ್ಕೆ ಇದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣಬಹುದು. ಸ್ವಲ್ಪ ಹೊತ್ತು ನಿಂತು ನೋಡಿ. ಬೆನ್ನಿನ ಮೇಲೆ, ತೊಡೆಯ ಮೇಲೆ ಬಿಸಿಲು ಬಿದ್ದಾಗ ಪ್ರತಿ ಗರಸಿನ ಹರಳಿಗೂ ಒಂದು ಚಿಕ್ಕ ನೆರಳು ಇರುತ್ತದೆ. ಬಯಲಿನ ಬಿಸಿಲಲ್ಲಿ ದೂರದಿಂದ ನೋಡಲು ಮಾಡಿದ ಮೈ ಅದು. ದುಡ್ಡಿಲ್ಲದ್ದಕ್ಕೆ ಹಿಡಿದ ದಾರಿ ಕೊನೆಗೆ ಅವರ ಕೈಬರಹವೇ ಆಯಿತು. ಮುಂದೆ ಬೇರೆ ವಸ್ತು ಸಿಕ್ಕಾಗಲೂ ಅವರು ಪದೇ ಪದೇ ಸಿಮೆಂಟಿಗೇ ಮರಳಿದರು.

'ಸುಜಾತಾ' ಶಿಲ್ಪದ ಕಥೆ ಏನು?

1935ರ ಶಿಲ್ಪ. ನೀಲಗಿರಿ ಮರಗಳ ನಡುವೆ ನೆಟ್ಟಗೆ, ತೆಳ್ಳಗೆ, ಮರದಷ್ಟೇ ಮೌನವಾಗಿ ನಿಂತ ಹುಡುಗಿ. ಕಲಾಭವನದ ಒಬ್ಬ ವಿದ್ಯಾರ್ಥಿನಿಯನ್ನು ನೋಡಿ ಮಾಡಿದ್ದು. ಆಗ ಅದಕ್ಕೆ ಸುಜಾತಾ ಎಂಬ ಹೆಸರೇ ಇರಲಿಲ್ಲ. ತಲೆಯ ಮೇಲೆ ಒಂದು ಪಾಯಸದ ಪಾತ್ರೆ ಇಡು ಎಂದು ನಂದಲಾಲರು ಸೂಚಿಸಿದರು. ಪಾತ್ರೆ ಬಂದದ್ದೇ ತಡ, ಸಿದ್ಧಾರ್ಥನಿಗೆ ಪಾಯಸ ಕೊಟ್ಟ ಸುಜಾತೆ ಆದಳು.

ಇದಕ್ಕೆ ಅಂಟಿದ ಇನ್ನೊಂದು ಪ್ರಸಂಗ ಶಾಂತಿನಿಕೇತನದಲ್ಲಿ ಎಲ್ಲರಿಗೂ ಗೊತ್ತು. ಯಾರನ್ನೂ ಕೇಳದೆ ಆಶ್ರಮದ ಬಯಲಲ್ಲಿ ಇಷ್ಟು ದೊಡ್ಡ ಆಕೃತಿ ನಿಲ್ಲಿಸಿದ್ದಕ್ಕೆ ರಾಮಕಿಂಕರರಿಗೆ ಭಯ. ರವೀಂದ್ರನಾಥರಿಂದ ಕರೆ ಬಂತು. ಬೈಗುಳ ಗ್ಯಾರಂಟಿ ಎಂದುಕೊಂಡೇ ಹೋದರು. ಇಂಥ ಮೂರ್ತಿಗಳಿಂದ ಆಶ್ರಮವನ್ನೆಲ್ಲ ತುಂಬಿಬಿಡು, ಒಂದು ಮುಗಿಸಿ ಮುಂದಕ್ಕೆ ಹೋಗು ಎಂದರಂತೆ ಗುರುದೇವರು. ಸರಕಾರಿ ಟೆಂಡರು, ಸಮಿತಿ, ಅನಾವರಣ ಯಾವುದೂ ಇಲ್ಲದೆ ಸಾರ್ವಜನಿಕ ಶಿಲ್ಪ ಬೆಳೆಯಲು ಇಂಥ ಒಬ್ಬ ಯಜಮಾನ ಬೇಕಾಗುತ್ತದೆ, ಅಲ್ವಾ?

'ಸಂತಾಲ ಕುಟುಂಬ' ಅಷ್ಟು ಮುಖ್ಯ ಯಾಕೆ?

1938ರ ಕೆಲಸ. ಸಂತಾಲರು ಆ ಭಾಗದ ಬುಡಕಟ್ಟು ಜನ. ಅಂಥ ಒಂದು ಕುಟುಂಬ ಬದುಕಿನ ಗಂಟುಮೂಟೆ ಸಮೇತ ಎಲ್ಲಿಗೋ ಹೊರಟಿದೆ. ಗಂಡಸಿನ ಹೆಗಲ ಮೇಲೆ ಅಡ್ಡೆ. ಅಡ್ಡೆಯ ಬುಟ್ಟಿಯಲ್ಲಿ ಮಗು. ಪಕ್ಕದಲ್ಲಿ ಹೆಂಡತಿ, ಜೊತೆಗೆ ನಾಯಿ. ಆಳೆತ್ತರಕ್ಕಿಂತ ದೊಡ್ಡ ಆಕೃತಿಗಳು.

ಆ ಕಾಲದಲ್ಲಿ ಬಯಲಲ್ಲಿ ನಿಲ್ಲುತ್ತಿದ್ದ ಪ್ರತಿಮೆ ಯಾರದು? ರಾಜರದು, ರಾಣಿ ವಿಕ್ಟೋರಿಯಾಳದು, ವೈಸರಾಯ್‌ಗಳದು. ಅಮೃತಶಿಲೆ ಇಲ್ಲವೇ ಕಂಚು, ಎತ್ತರದ ಪೀಠ, ಕೆಳಗೆ ಹೆಸರು. ಇಲ್ಲಿ ಹೆಸರಿಲ್ಲದ ಕೂಲಿಯವರು. ವಸ್ತುವೂ ಅವರು ನಡೆಯುವ ನೆಲದ ಗರಸೇ. ಪೀಠ ತಗ್ಗು, ಹೆಚ್ಚುಕಡಿಮೆ ನಮ್ಮ ಜೊತೆಗೇ ನಡೆಯುತ್ತಿದ್ದಾರೆ ಅನ್ನಿಸುತ್ತದೆ. ಭಾರತದ ಮೊದಲ ಆಧುನಿಕ ಸಾರ್ವಜನಿಕ ಶಿಲ್ಪ ಎಂದು ಇದನ್ನು ಕರೆಯುವುದು ಈ ಎಲ್ಲ ಕಾರಣಕ್ಕೆ.

ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಚೆನ್ನೈನ ಮರೀನಾ ಬೀಚಿನಲ್ಲಿ ದೇವಿಪ್ರಸಾದ್ ರಾಯ್ ಚೌಧುರಿಯವರ 'ಶ್ರಮದ ಗೆಲುವು' ಇದೆ. ನೀವು ನೋಡಿರುತ್ತೀರಿ. ನಾಲ್ವರು ಬಂಡೆ ನೂಕುತ್ತಿದ್ದಾರೆ. ಒಂದೊಂದು ಸ್ನಾಯುವೂ ಬಿಗಿದುಕೊಂಡಿದೆ. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಶ್ರಮ ಒಂದು ಪ್ರದರ್ಶನ. ರಾಮಕಿಂಕರರ ಸಂತಾಲರು ಯಾರಿಗೂ ಏನನ್ನೂ ತೋರಿಸುತ್ತಿಲ್ಲ. ಅವರಿಗೆ ದಾರಿ ಸಾಗಬೇಕು, ಅಷ್ಟೇ. ಅಯ್ಯೋ ಪಾಪ ಎನ್ನುವುದಕ್ಕೂ ಅವರು ಅವಕಾಶ ಕೊಡುವುದಿಲ್ಲ. ಬೆನ್ನು ನೆಟ್ಟಗಿದೆ, ಹೆಜ್ಜೆಯಲ್ಲಿ ಬಲ ಇದೆ.

'ಮಿಲ್ ಕಾಲ್' ಅಂದರೆ ಯಾವುದು?

ಸಂತಾಲ ಕುಟುಂಬದ ಹತ್ತಿರವೇ ಇರುವ, 1956ರ ಶಿಲ್ಪ. ಅಕ್ಕಿ ಗಿರಣಿಯ ಸೈರನ್ ಕೂಗಿದೆ. ಇಬ್ಬರು ಹೆಂಗಸರು ಓಡುತ್ತಿದ್ದಾರೆ. ಒಗೆದ ಸೀರೆ ಒಣಗಿಸಲು ಹೊತ್ತಿಲ್ಲ, ಓಡುವಾಗಲೇ ಗಾಳಿಗೆ ಹಿಡಿದಿದ್ದಾರೆ. ಹಾರುವ ಸೀರೆಯನ್ನು ಸಿಮೆಂಟಿನಲ್ಲಿ ಮಾಡುವುದು ಅಂದರೆ ಸುಮ್ನೆ ಅಲ್ಲ. ಭಾರ ಎಲ್ಲಿ ಕೂರಬೇಕು, ಕಬ್ಬಿಣ ಎಲ್ಲಿ ಹಾಯಬೇಕು ಎಂಬ ಲೆಕ್ಕ ತಪ್ಪಿದರೆ ಮುರಿದು ಬೀಳುತ್ತದೆ. ಹದಿನೆಂಟು ವರ್ಷದ ಹಿಂದೆ ನಡೆಯುತ್ತಿದ್ದ ಜನ ಈಗ ಗಿರಣಿಯ ಗಂಟೆಗೆ ಓಡುವಂತಾಗಿದೆ. ಎರಡನ್ನೂ ಒಟ್ಟಿಗೆ ನೋಡಬೇಕು.

ರವೀಂದ್ರನಾಥರ ತಲೆ ಮಾಡಿದ್ದಾರಲ್ಲ, ಅದು ಅವರ ಹಾಗೆ ಕಾಣುವುದಿಲ್ಲ ಎನ್ನುತ್ತಾರೆ?

ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು 1938ರ ಸುಮಾರಿನದು. ಅದರಲ್ಲಿ ಹೋಲಿಕೆಗಿಂತ ಆಕಾರದ ಆಟ ಜಾಸ್ತಿ. ಇನ್ನೊಂದು ಕವಿಯ ಕೊನೆಗಾಲದ್ದು. ತಲೆ ಬಾಗಿದೆ, ಕೆನ್ನೆ ಇಳಿದಿದೆ, ವಯಸ್ಸು ಮತ್ತು ದಣಿವು ಪೂರ್ತಿ ಕಾಣುತ್ತದೆ. ಬೆಳ್ಳನೆ ಗಡ್ಡದ ಋಷಿಯಂಥ ಗುರುದೇವರೇ ಬೇಕು ಎನ್ನುವವರಿಗೆ ಇದು ಹಿಡಿಸುವುದಿಲ್ಲ.

ಹಂಗೇರಿಯಲ್ಲಿ ಇದು ನಿಜವಾಗಿಯೂ ತಕರಾರಾಯಿತು. 1926ರಲ್ಲಿ ರವೀಂದ್ರನಾಥರು ಅಲ್ಲಿನ ಬಾಲಟನ್‌ಫ್ಯೂರೆಡ್ ಎಂಬ ಸರೋವರದ ಊರಿನಲ್ಲಿ ಹೃದಯದ ಚಿಕಿತ್ಸೆ ಪಡೆದಿದ್ದರು. ಆ ನೆನಪಿಗೆ ಅಲ್ಲಿಗೆ ಹೋದದ್ದು ರಾಮಕಿಂಕರರ ಶಿಲ್ಪ. ಕವಿಯ ಹೋಲಿಕೆ ಇಲ್ಲ ಎಂಬ ಆಕ್ಷೇಪ ಎದ್ದು, ಕೊನೆಗೆ ಸರೋವರದ ದಂಡೆಯಲ್ಲಿ ಎಲ್ಲರಿಗೂ ಗುರುತು ಸಿಗುವಂಥ ಬೇರೊಂದು ಮೂರ್ತಿ ಬಂತು. ಇವರದು ಆಸ್ಪತ್ರೆಯೊಳಗೆ ಹೋಯಿತು. ನನ್ನನ್ನು ಕೇಳಿದರೆ ಅದೇ ಸರಿಯಾದ ಜಾಗ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮುದುಕನ ಮುಖ ಅದು.

ಇನ್ನೊಂದು ಮಾತನ್ನೂ ರಾಮಕಿಂಕರರು ನೆನಪಿಸಿಕೊಳ್ಳುತ್ತಿದ್ದರು. ಏನನ್ನಾದರೂ ನೋಡಿದರೆ ಹುಲಿಯ ಹಾಗೆ ಅದರ ಕುತ್ತಿಗೆ ಹಿಡಿ, ಆಮೇಲೆ ಹಿಂದಿರುಗಿ ನೋಡಬೇಡ ಎಂದು ಕವಿ ಅವರಿಗೆ ಹೇಳಿದ್ದರಂತೆ. ಹಾಗೆ ಕುತ್ತಿಗೆ ಹಿಡಿಸಿಕೊಂಡವರಲ್ಲಿ ಹೇಳಿದವರೂ ಒಬ್ಬರು.

ಅಮೂರ್ತ ಶಿಲ್ಪವನ್ನೂ ಮಾಡಿದ್ದಾರಾ?

ಮಾಡಿದ್ದಾರೆ, ಅದೂ ತುಂಬ ಮುಂಚೆ. 1940ರ 'ದೀಪಸ್ತಂಭ'ದಲ್ಲಿ ಮನುಷ್ಯನೂ ಇಲ್ಲ, ಪ್ರಾಣಿಯೂ ಇಲ್ಲ. 1943ರಲ್ಲಿ ಭತ್ತ ಬಡಿಯುವ ಹೆಂಗಸಿನ ಶಿಲ್ಪವೊಂದಿದೆ. ಅದಕ್ಕೆ ತಲೆಯೇ ಇಲ್ಲ, ಬಡಿಯುವ ರಭಸ ಮಾತ್ರ ಇದೆ. ಅದು ಬಂಗಾಳದ ಭೀಕರ ಬರಗಾಲದ ವರ್ಷ ಎನ್ನುವುದು ನೆನಪಿರಲಿ. ಮೂರ್ತವೋ ಅಮೂರ್ತವೋ ಎಂಬ ವಾದ ಅವರಿಗೆ ದೊಡ್ಡದಾಗಿರಲಿಲ್ಲ. ಒಂದೇ ವರ್ಷದಲ್ಲಿ ಎರಡೂ ಬಗೆಯ ಕೆಲಸ ಮಾಡುತ್ತಿದ್ದರು. ಇದರಿಂದ ಅವರ 'ಶೈಲಿ' ಯಾವುದು ಎಂದು ಪರೀಕ್ಷೆಗೆ ಓದುವ ಮಕ್ಕಳಿಗೆ ತೊಂದರೆ.

ಚಿತ್ರಕಾರರಾಗಿ ಹೇಗೆ?

ಶಿಲ್ಪದ ನೆರಳಲ್ಲಿ ಚಿತ್ರಗಳು ಮರೆಯಾದವು, ಅನ್ಯಾಯ. ಜಲವರ್ಣದಲ್ಲಿ ಅವರ ಕೈ ಬಹಳ ವೇಗ. ಶಾಂತಿನಿಕೇತನದ ಪಕ್ಕದ ಖೋಯಾಯಿಯ ಕೆಂಪು ಕೊರಕಲು, ತಾಳೆಮರ, ಎಮ್ಮೆ, ಗದ್ದೆ ನಾಟಿ, ಶಿಲ್ಲಾಂಗಿನ ಬೆಟ್ಟ. ನಾಲ್ಕೈದು ಬೀಸಿನಲ್ಲಿ ಮುಗಿದಿರುತ್ತದೆ. ಇಂಥವು ನೂರಾರು ಇವೆ.

ತೈಲವರ್ಣದ ವಿಷಯ ಬೇರೆ. ನಂದಲಾಲರಿಗೆ ಅದು ಇಷ್ಟದ ಮಾಧ್ಯಮವಲ್ಲ. ಪರದೇಶಿ ಪದ್ಧತಿ ಎಂಬ ಭಾವನೆ ಕಲಾಭವನದಲ್ಲಿತ್ತು. ರಾಮಕಿಂಕರರು ಅಲ್ಲೇ ಕೂತು ತೈಲವರ್ಣ ಬಳಸಿದರು. ಮುಖವನ್ನು, ಮೈಯನ್ನು ಒಡೆದು ಮತ್ತೆ ಜೋಡಿಸುವ ಕ್ಯೂಬಿಸಂನ ರೀತಿಯನ್ನೂ ತಂದುಕೊಂಡರು. 'ಬಿನೋದಿನಿ'ಯಂಥ ವ್ಯಕ್ತಿಚಿತ್ರ ನೋಡಿದರೆ ಗೊತ್ತಾಗುತ್ತದೆ. ಯುರೋಪಿನ ಪಾಠ ಇದೆ, ಆದರೆ ಕೂತಿರುವ ಹುಡುಗಿ ಇಲ್ಲಿಯವಳೇ. ಚಿತ್ರದಲ್ಲೂ ಅವರು ಶಿಲ್ಪಿಯೇ ಎನ್ನುವುದು ನನ್ನ ಅಭಿಪ್ರಾಯ. ಬಣ್ಣ ಹಚ್ಚುವಾಗಲೂ ಭಾರ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ.

ಗುರು ನಂದಲಾಲರ ಜೊತೆ ಜಗಳ ಇತ್ತೇ?

ಭಿನ್ನಾಭಿಪ್ರಾಯ ಇತ್ತು, ದ್ವೇಷ ಇರಲಿಲ್ಲ. ತೈಲವರ್ಣ, ಬೆತ್ತಲೆ ಆಕೃತಿಗಳ ಅಭ್ಯಾಸ, ಪಾಶ್ಚಾತ್ಯ ಆಧುನಿಕತೆ ಇವೆಲ್ಲದರಲ್ಲಿ ಇಬ್ಬರ ದಾರಿ ಬೇರೆ. ಆದರೂ 1934ರ ಹೊತ್ತಿಗೆ ಇಬ್ಬರೂ ವಿದ್ಯಾರ್ಥಿಗಳ ಜೊತೆ ಸೇರಿ 'ಕಾಲೋ ಬಾಡಿ' ಎಂಬ ಮಣ್ಣಿನ ಹಾಸ್ಟೆಲ್ಲಿನ ಗೋಡೆಗೆ ಉಬ್ಬುಶಿಲ್ಪ ಮಾಡಿದರು. ಮಣ್ಣಿನ ಮೇಲೆ ಟಾರು ಬಳಿದ ಕಪ್ಪು ಮನೆ ಅದು. ತನ್ನ ಮಾತು ಮೀರುವ ಶಿಷ್ಯನನ್ನು ಅದೇ ಸಂಸ್ಥೆಯಲ್ಲಿ ಮೇಷ್ಟರಾಗಿ ಉಳಿಸಿಕೊಂಡದ್ದು ನಂದಲಾಲರ ದೊಡ್ಡತನ.

ದೆಹಲಿಯ ರಿಸರ್ವ್ ಬ್ಯಾಂಕ್ ಮುಂದಿನ ಯಕ್ಷ, ಯಕ್ಷಿ ಇವರದೇ?

ಹೌದು. ಸಂಸದ್ ಮಾರ್ಗದ ಕಟ್ಟಡದ ಬಾಗಿಲಿನ ಎರಡು ಬದಿಗೆ ನಿಂತಿರುವ ಭಾರಿ ಕಲ್ಲಿನ ಮೂರ್ತಿಗಳು. ಸರಕಾರಿ ಕಟ್ಟಡಗಳಲ್ಲಿ ಭಾರತೀಯ ಕಲಾವಿದರಿಗೆ ಕೆಲಸ ಕೊಡಬೇಕು ಎಂಬ ನೆಹರೂ ಕಾಲದ ಆಸೆಯ ಫಲ. ಹಲವು ಕಲಾವಿದರನ್ನು ಕೇಳಿದ್ದರು. ಒಪ್ಪಿಗೆಯಾದದ್ದು ಇವರ ಕಲ್ಪನೆ. ಯಕ್ಷ ಉದ್ಯಮಕ್ಕೆ, ಯಕ್ಷಿ ಕೃಷಿಯ ಸಮೃದ್ಧಿಗೆ. ಮಥುರಾ ಮ್ಯೂಸಿಯಮ್ಮಿನ ಪರಖಮ್ ಯಕ್ಷ, ಕಲ್ಕತ್ತಾ ಮ್ಯೂಸಿಯಮ್ಮಿನ ಬೇಸ್‌ನಗರದ ಯಕ್ಷಿ, ಈ ಹಳೆಯ ಶಿಲ್ಪಗಳ ಮಾದರಿ ಹಿಡಿದರು.

ಕೆಲಸ ಮಾತ್ರ ಎಳೆಯಿತು. ತಕ್ಕ ಕಲ್ಲಿಗಾಗಿ ಊರೂರು ಅಲೆದರು. ಕೊನೆಗೆ ಹಿಮಾಚಲದ ಕಾಂಗ್ಡಾ ಕಣಿವೆಯ ಬೈಜನಾಥದ ಬಳಿ ಮರಳುಗಲ್ಲು ಸಿಕ್ಕಿತು. ಅಲ್ಲಿಯ ರೈಲು ನ್ಯಾರೋಗೇಜು. ದೊಡ್ಡ ಬಂಡೆ ಅದರಲ್ಲಿ ಬರುವುದಿಲ್ಲ. ತುಂಡು ಮಾಡಿ ತರಬೇಕಾಯಿತು. ಐವತ್ತರ ದಶಕದಲ್ಲಿ ಶುರುವಾದದ್ದು ಮುಗಿಯುವಾಗ 1967. ಅಷ್ಟರಲ್ಲಿ ಯಕ್ಷಿಯ ಬೆತ್ತಲೆಯ ಬಗ್ಗೆ ಗದ್ದಲ ಎದ್ದು ಸಂಸತ್ತಿನವರೆಗೂ ಹೋಯಿತು. ಎರಡು ಸಾವಿರ ವರ್ಷ ಹಳೆಯ ಯಕ್ಷಿಯರನ್ನು ಮ್ಯೂಸಿಯಮ್ಮಿನಲ್ಲಿ ನೋಡಿ ಹೆಮ್ಮೆಪಡುವ ಜನ ಬ್ಯಾಂಕಿನ ಬಾಗಿಲಲ್ಲಿ ಕಂಡರೆ ಮುಜುಗರಪಡುತ್ತಾರೆ, ವಿಚಿತ್ರ.

ಇಷ್ಟೆಲ್ಲ ಹೇಳಿದ ಮೇಲೂ, ಇದು ಅವರ ಅತ್ಯುತ್ತಮ ಕೆಲಸ ಎಂದು ನಾನು ಹೇಳಲಾರೆ. ಕಲ್ಪನೆ ಒಳ್ಳೆಯದು. ಆದರೆ ಕಟ್ಟಡದ ಅಳತೆ, ಸಮಿತಿಯ ಒಪ್ಪಿಗೆ, ಕಲ್ಲಿನ ತುಂಡು, ಇವುಗಳ ನಡುವೆ ಆ ಕೈಯ ಬೀಸು ಕಾಣೆಯಾಗಿದೆ.

ಗಾಂಧೀಜಿಯ ಮೂರ್ತಿಯೂ ಇದೆಯಂತೆ?

ಕಲಾಭವನದ ಆವರಣದಲ್ಲಿ ಇದೆ. ಕೋಲು ಹಿಡಿದು ನಡೆಯುವ ಗಾಂಧಿ. ಪಾದದ ಕೆಳಗೆ ಮನುಷ್ಯನ ತಲೆಬುರುಡೆ. ದೇಶ ವಿಭಜನೆಯ ಹಿಂಸೆಯ ನಡುವೆ ನಡೆದ ಮನುಷ್ಯನನ್ನು ಬುರುಡೆ ಬಿಟ್ಟು ತೋರಿಸುವುದು ಹೇಗೆ? ನಮ್ಮ ಊರುಗಳ ಸರ್ಕಲ್ಲಿನಲ್ಲಿರುವ ಗಾಂಧಿಗೂ ಇದಕ್ಕೂ ಬಹಳ ದೂರ.

ದೊಡ್ಡ ಕುಡುಕರು, ಮದುವೆಯಾಗದೆ ಸಂಸಾರ ಮಾಡಿದರು ಎನ್ನುತ್ತಾರೆ. ನಿಜವೇ?

ಕುಡಿಯುತ್ತಿದ್ದರು. ಮುಚ್ಚಿಡಲಿಲ್ಲ. ರಾಧಾರಾಣಿ ಎಂಬವರು ಅವರ ಜೊತೆ ದೀರ್ಘಕಾಲ ಬಾಳಿದರು, ಕೊನೆಗಾಲದಲ್ಲಿ ನೋಡಿಕೊಂಡರು. ವಿಧಿಪೂರ್ವಕ ಮದುವೆ ಇರಲಿಲ್ಲ. ಆಶ್ರಮದ ಮರ್ಯಾದಸ್ಥರು ಗೊಣಗಿದ್ದೂ ನಿಜ.

ಮಳೆಗಾಲದಲ್ಲಿ ಹುಲ್ಲಿನ ಸೂರು ಸೋರಿದಾಗ ತೈಲಚಿತ್ರಗಳನ್ನೇ ತೆಗೆದು ಹೊದಿಸಿದರು ಎಂಬ ಕಥೆಯನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಕೇಳುವವರಿಗೆ ಇದು ಮಜಾ. ಕಲಾವಿದ ಅಂದರೆ ಹೀಗೇ ಇರಬೇಕು ಎಂಬ ನಮ್ಮ ಆಸೆಗೆ ಸರಿಯಾಗಿ ಹೊಂದುತ್ತದೆ. ಆದರೆ ಈ ಕಥೆಗಳ ಗದ್ದಲದಲ್ಲಿ ಒಂದು ವಿಷಯ ಮರೆತುಹೋಗುತ್ತದೆ. ಬೀರಭೂಮದ ಬಿಸಿಲಲ್ಲಿ ಗಾರೆ ಕಲಸಿ, ಏಣಿ ಹತ್ತಿ, ಸಿಮೆಂಟು ಗಟ್ಟಿಯಾಗುವ ಮುಂಚೆ ಕೆಲಸ ಮುಗಿಸುವವನಿಗೆ ಬೇಕಾದ ಶಿಸ್ತು ಸಣ್ಣದಲ್ಲ. ಹಾಡುತ್ತಿದ್ದರು, ನಾಟಕ ಆಡಿಸುತ್ತಿದ್ದರು, ಪಾಠ ಮಾಡುತ್ತಿದ್ದರು. ಕುಡಿದು ಮಲಗಿದ್ದವರು ಇಷ್ಟು ಕೆಲಸ ಮಾಡಿಟ್ಟು ಹೋಗುವುದಿಲ್ಲ.

ಅವರ ಬಗ್ಗೆ ಸಿನಿಮಾ ಇದೆಯೇ?

1975ರಲ್ಲಿ ಬಂಗಾಳಿ ಸಿನಿಮಾ ನಿರ್ದೇಶಕ ಋತ್ವಿಕ್ ಘಟಕ್ ಶಾಂತಿನಿಕೇತನಕ್ಕೆ ಬಂದು ಅವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಮುಗಿಯಲಿಲ್ಲ. 1976ರ ಫೆಬ್ರವರಿಯಲ್ಲಿ ಘಟಕ್ ತೀರಿಕೊಂಡರು. ಉಳಿದ ತುಣುಕುಗಳನ್ನು ಆಮೇಲೆ ಜೋಡಿಸಿದ್ದಾರೆ. ಬಂಗಾಳಿ ಲೇಖಕ ಸಮರೇಶ್ ಬಸು ಇವರ ಬದುಕಿನ ಮೇಲೆ ದೊಡ್ಡ ಕಾದಂಬರಿ ಬರೆಯುತ್ತಿದ್ದರು. ಅದೂ ಅರ್ಧಕ್ಕೇ ನಿಂತಿತು, 1988ರಲ್ಲಿ ಅವರೂ ಹೋದರು.

ಪ್ರಶಸ್ತಿಗಳು?

1970ರಲ್ಲಿ ಪದ್ಮಭೂಷಣ, 1976ರಲ್ಲಿ ಲಲಿತಕಲಾ ಅಕಾಡೆಮಿಯ ಫೆಲೋ. ಶಾಂತಿನಿಕೇತನದ ವಿಶ್ವವಿದ್ಯಾಲಯ ವಿಶ್ವಭಾರತಿ ಕೊಡುವ ದೇಶಿಕೋತ್ತಮ ಗೌರವವೂ ಸಿಕ್ಕಿತು.

ಶಿಷ್ಯರಲ್ಲಿ ನಮಗೆ ಗೊತ್ತಿರುವವರು?

ಶಂಖೋ ಚೌಧುರಿ. ಇವರು ಮುಂದೆ ಬರೋಡಾದಲ್ಲಿ ಶಿಲ್ಪ ವಿಭಾಗ ಕಟ್ಟಿದರು. ಕೇರಳದಿಂದ ಹೋದ ಕೆ. ಜಿ. ಸುಬ್ರಮಣ್ಯನ್ ಇನ್ನೊಬ್ಬರು. ಇವರಿಬ್ಬರೂ ಗುರುವಿನ ಹಾಗೆ ಕೆಲಸ ಮಾಡಲಿಲ್ಲ ಎನ್ನುವುದೇ ಗುರುವಿನ ಬಗ್ಗೆ ಒಳ್ಳೆಯ ಸರ್ಟಿಫಿಕೇಟು. ಶಾಂತಿನಿಕೇತನದಲ್ಲೇ ಕಲಿತ ಕೇರಳದ ಇನ್ನೊಬ್ಬ ಶಿಲ್ಪಿ ಕೆ. ಎಸ್. ರಾಧಾಕೃಷ್ಣನ್ 2012ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ರಾಮಕಿಂಕರರ ದೊಡ್ಡ ಪ್ರದರ್ಶನ ಏರ್ಪಡಿಸಿದರು.

ಕರ್ನಾಟಕದ ಜೊತೆ ಏನಾದರೂ ನಂಟು?

ನೇರವಾಗಿ ಇಲ್ಲ. ಗುರುವಿನ ಕಡೆಯಿಂದ ಒಂದು ಎಳೆ ಇದೆ. ನಂದಲಾಲ ಬೋಸರೂ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಒಟ್ಟಿಗೆ ಕಲಿತವರು. ವೆಂಕಟಪ್ಪನವರೂ ಚಿತ್ರ ಮತ್ತು ಶಿಲ್ಪ ಎರಡನ್ನೂ ಮಾಡಿದವರೇ. ಆದರೆ ಅವರ ದಾರಿ ಪೂರ್ತಿ ಬೇರೆ. ಕೂದಲೆಳೆಯಷ್ಟು ಸೂಕ್ಷ್ಮದ ಜಲವರ್ಣ, ನಾಜೂಕಾದ ಪ್ಲಾಸ್ಟರ್ ಉಬ್ಬುಶಿಲ್ಪ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಅವರ ಊಟಿಯ ಚಿತ್ರಗಳನ್ನೂ ರಾಮಕಿಂಕರರ ಖೋಯಾಯಿ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವನೀಂದ್ರನಾಥರ ಶಾಲೆಯ ಎರಡು ಟಿಸಿಲು ಎಷ್ಟು ದೂರ ಹೋಗಿವೆ ಎಂದು ತಿಳಿಯುತ್ತದೆ.

ಎಲ್ಲಿ ಹೋಗಿ ನೋಡಬೇಕು?

ಬಯಲ ಶಿಲ್ಪಗಳಿಗೆ ಶಾಂತಿನಿಕೇತನಕ್ಕೇ ಹೋಗಬೇಕು. ಹೌರಾದಿಂದ ರೈಲು ಹತ್ತಿ ಬೋಲ್‌ಪುರದಲ್ಲಿ ಇಳಿಯಿರಿ. ಹೆಚ್ಚುಕಡಿಮೆ ಮೂರು ತಾಸು. ಅಲ್ಲಿಂದ ಟೋಟೋ, ಅಂದರೆ ಬ್ಯಾಟರಿ ಆಟೋ ಸಿಗುತ್ತದೆ. ವಿಶ್ವಭಾರತಿಗೆ ವಾರದ ರಜೆ ಬುಧವಾರ. ಭಾನುವಾರ ಅಂದುಕೊಂಡು ಪ್ಲಾನ್ ಮಾಡಬೇಡಿ. ಕಲಾಭವನದ ಒಳಗೆ ಬಿಡುವ ನಿಯಮ ಆಗಾಗ ಬದಲಾಗುತ್ತದೆ. ಮೊದಲೇ ವಿಚಾರಿಸುವುದು ಒಳ್ಳೆಯದು. ಡಿಸೆಂಬರ್ ಮೊದಲ ವಾರ ಕಲಾಭವನದಲ್ಲಿ ನಂದನ್ ಮೇಳ ನಡೆಯುತ್ತದೆ, ಅದೂ ಒಳ್ಳೆಯ ಸಮಯ. ಡಿಸೆಂಬರ್ ಕೊನೆಗೆ ಬರುವ ಪೌಷ ಮೇಳದ ದಿನಗಳಲ್ಲಿ ಜನವೋ ಜನ, ಶಿಲ್ಪ ನೋಡಲು ಆಗುವುದಿಲ್ಲ. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ನೋಡಿ.

ಚಿತ್ರಗಳು ಮತ್ತು ಚಿಕ್ಕ ಶಿಲ್ಪಗಳ ದೊಡ್ಡ ಸಂಗ್ರಹ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿದೆ.

ಬಯಲಲ್ಲೇ ಇದ್ದರೆ ಹಾಳಾಗುವುದಿಲ್ಲವೇ?

ಆಗುತ್ತದೆ, ಆಗುತ್ತಿದೆ. ಸಿಮೆಂಟಿನ ಒಳಗೆ ನೀರು ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದರೆ ಹೊರಗಿನ ಪದರ ಬಿರಿಯುತ್ತದೆ, ಬಿರಿದ ಕಡೆ ಮತ್ತೆ ನೀರು. ಹಳೆಯ ಕಾಂಕ್ರೀಟ್ ಮನೆಗಳ ಸಜ್ಜಾ ಉದುರುವುದೂ ಇದೇ ಕಾರಣಕ್ಕೆ. ಮೇಲೆ ಪಾಚಿ ಬೇರೆ. ಹಲವು ಬಾರಿ ದುರಸ್ತಿ ಆಗಿದೆ. ಸಂತಾಲ ಕುಟುಂಬದ ಮೇಲೆ ಚಾವಣಿ ಹಾಕಿದ್ದಾರೆ. ಮಳೆಗೆ ಅದು ಬೇಕೇ ಬೇಕು, ಆದರೆ ಬಿಸಿಲಿಗಾಗಿ ಮಾಡಿದ ಮೈಗೆ ಈಗ ನೆರಳು ಬಿದ್ದಿದೆ. ಇದಕ್ಕೆ ಸುಲಭದ ಪರಿಹಾರ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಶಾಂತಿನಿಕೇತನ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ನಿಗಾ ಹೆಚ್ಚಾಗಲಿ ಎಂದು ಆಸೆಪಡೋಣ.

ಕೊನೆಯ ದಿನಗಳು ಹೇಗಿದ್ದವು?

1980ರ ಮಾರ್ಚಿನಲ್ಲಿ ಅವರನ್ನು ಕಲ್ಕತ್ತಾದ ಆಸ್ಪತ್ರೆಗೆ ಸೇರಿಸಿದರು. ಕಣ್ಣು ಮೊದಲೇ ಮಂಜಾಗಿತ್ತು. ತಲೆಯ ಶಸ್ತ್ರಚಿಕಿತ್ಸೆ ಆಯಿತು. ಹಾಸಿಗೆಯಲ್ಲಿದ್ದಾಗಲೂ ಮಣ್ಣು ಹಿಡಿದು ಪುಟ್ಟ ದುರ್ಗೆಯೊಂದನ್ನು ಮಾಡಿದರು. ಅದೇ ಕೊನೆಯ ಶಿಲ್ಪ. ಬಾಂಕುಡಾದಲ್ಲಿ ಕೈ ಮೊದಲು ಕಲಿತದ್ದೂ ದುರ್ಗೆ ಮಾಡುವವರ ಹತ್ತಿರವೇ.

ಅವರ ಚಿತ್ರ ಎಂದು ಯಾರೋ ಮಾರಲು ಬಂದಿದ್ದಾರೆ. ಕೊಳ್ಳಬಹುದೇ?

ಹುಷಾರು. ರಾಮಕಿಂಕರರು ಚಿತ್ರಗಳನ್ನು ಬರೆದು ಯಾರು ಯಾರಿಗೋ ಕೊಟ್ಟುಬಿಡುತ್ತಿದ್ದರು. ಲೆಕ್ಕ ಇಡುತ್ತಿರಲಿಲ್ಲ. ಇದು ನಕಲಿ ಮಾಡುವವರಿಗೆ ಅನುಕೂಲ. 'ನಮ್ಮ ತಾತನಿಗೆ ಅವರೇ ಕೊಟ್ಟದ್ದು' ಎಂಬ ಮಾತೊಂದೇ ದಾಖಲೆ ಆಗುವುದಿಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದ, ಹಳೆಯ ಪ್ರದರ್ಶನದ ಕ್ಯಾಟಲಾಗು, ಹಳೆಯ ಫೋಟೋ ಇವುಗಳನ್ನು ಕೇಳಿ. ಬಂಗಾಳದ ಕಲೆ ಬಲ್ಲ, ಮಾರುವವರಿಗೆ ಸಂಬಂಧಪಡದ ಪರಿಣತರೊಬ್ಬರ ಕಣ್ಣಿಗೆ ಬೀಳಿಸಿ.

ಇನ್ನೊಂದು ಗೊಂದಲ ಪರಿಹರಿಸಿಬಿಡುತ್ತೇನೆ. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಕೆಳಗೆ ಒಂಬತ್ತು ಕಲಾವಿದರ ಕೃತಿಗಳನ್ನು 'ಕಲಾಸಂಪತ್ತು' ಎಂದು ಘೋಷಿಸಿದ್ದಾರೆ. ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲರು ಇದರಲ್ಲಿದ್ದಾರೆ. ರವೀಂದ್ರನಾಥರೂ ಇದ್ದಾರೆ. ರಾಮಕಿಂಕರರ ಹೆಸರು ಆ ಒಂಬತ್ತರಲ್ಲಿ ಇಲ್ಲ. ಮಾರಲು ಬಂದವರು 'ಇದು ಸರಕಾರವೇ ಘೋಷಿಸಿದ ರಾಷ್ಟ್ರೀಯ ಸಂಪತ್ತು' ಎಂದು ಬೆಲೆ ಏರಿಸಿದರೆ, ಅಲ್ಲಿಗೇ ಮಾತು ಮುಗಿಸಿ.